ಮಗ್ಗದ ಮನೆಯಲ್ಲಿ ಮೂರನೇ ಸಲದ ಓದು

ಮೊನ್ನೆ ಟ್ರಂಕು ಖಾಲಿ ಮಾಡುವಾಗ ತಳಕ್ಕೆ ಹಾಸಿದ್ದ ಕಾಗದವೊಂದು ಕೈಗೆ ಬಂತು. ನಾಲ್ಕು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ನಾನೇ ಬರೆದ ವೇಳಾಪಟ್ಟಿ. ಬೆಳಗ್ಗೆ ನಾಲ್ಕಕ್ಕೆ ಏಳುವುದು, ಸ್ನಾನಕ್ಕೆ ಐದು ನಿಮಿಷ, ಊಟಕ್ಕೆ ಹನ್ನೆರಡು. ಭಾನುವಾರ ಎಂಬುದೇ ಅದರಲ್ಲಿಲ್ಲ. ನಿಮಗೆ ನಗು ಬರಬಹುದು. ನನಗೆ ನಗುವಷ್ಟೂ ತ್ರಾಣವಿರಲಿಲ್ಲ. ಡ್ಯೂಟಿ ಮುಗಿಸಿ ಆಗಷ್ಟೇ ಚಳ್ಳಕೆರೆಯ ರೂಮಿಗೆ ಬಂದಿದ್ದೆ.

ಹೊರದೇಶದಲ್ಲಿ ಡಾಕ್ಟರಿಕೆ ಓದಿ ಬಂದವರು ಇಲ್ಲೊಂದು ಪರೀಕ್ಷೆ ಪಾಸು ಮಾಡದೆ ಯಾರ ನಾಡಿಯನ್ನೂ ಮುಟ್ಟುವಂತಿಲ್ಲ. ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಪರಶುರಾಂಪುರದ ಹತ್ತಿರದ ನಮ್ಮೂರಿನಲ್ಲಿ ಕುರಿ ಕಾಯುವವರಿಂದ ಹಿಡಿದು ಬಸ್ ಕಂಡಕ್ಟರ್‌ವರೆಗೆ ಎಲ್ಲರ ಬಾಯಲ್ಲೂ ನಾನು ಡಾಕ್ಟ್ರಮ್ಮ. ಮಾತ್ರೆ ಚೀಟಿ ಹಿಡಿದು ಬಂದವರಿಗೆ ಏನಂತ ಹೇಳಲಿ? ಮೂರನೇ ಸಲವೂ ಹೋದರೆ ಮತ್ತೆ ಬರೆಯುವ ಧೈರ್ಯ ನನ್ನಲ್ಲಿರಲಿಲ್ಲ. ನಾಚಿಕೆ ತಾಳಲಾರದೆ ಮೊಳಕಾಲ್ಮೂರಿಗೆ ಹೋಗಿ, ಅವ್ವನ ಗೆಳತಿ ಲಕ್ಷ್ಮಕ್ಕನ ಮನೆಯ ಮುಂದಿನ ಕೋಣೆ ಸೇರಿದೆ.

ಲಕ್ಷ್ಮಕ್ಕ ರೇಷ್ಮೆ ಸೀರೆ ನೇಯುವವಳು, ಒಂಟಿ ಹೆಂಗಸು. ಮಾತಿಗೊಮ್ಮೆ ತೆಲುಗಿನಲ್ಲಿ ‘ಅಮ್ಮಾಯಿ’, ಅಂದರೆ ಹುಡುಗಿ, ಎನ್ನುವುದು ಅವಳ ರೂಢಿ. ಮಗ್ಗ ನಡುಮನೆಯಲ್ಲಿ, ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಿದ್ದಳು. ಬಾಗಿಲಿನ ಈಚೆ ನಾನು. ಮೊದಲ ವಾರ ಆ ಸದ್ದಿಗೆ ನನಗೆ ಎಂಥ ಸಿಟ್ಟು ಅಂತೀರಿ! ಕಿವಿಗೆ ಹತ್ತಿ ತುರುಕಿಕೊಂಡು ಮೂತ್ರಪಿಂಡದ ಅಧ್ಯಾಯದ ಮೇಲೆ ದಂಡೆತ್ತಿ ಹೋಗುತ್ತಿದ್ದೆ. ಎಂಟನೇ ದಿನ ತಲೆ ಸುತ್ತಿ ಪುಸ್ತಕದ ಮೇಲೇ ಬಿದ್ದೆ.

ಲಕ್ಷ್ಮಕ್ಕ ಮುಖಕ್ಕೆ ನೀರು ಚಿಮುಕಿಸಿ, ಗೋಡೆಯ ಮೇಲಿನ ಪಟ್ಟಿಯನ್ನು ನನ್ನಿಂದಲೇ ಓದಿಸಿದಳು.

“ಹನ್ನೆರಡು ನಿಮಿಷನಾ? ಮುದ್ದೆ ಆರಾಕೇ ಅಷ್ಟೊತ್ತು ಬೇಕು. ನಿದ್ದಿ ಎಲ್ಲೈತೆ ಇದ್ರಾಗೆ?”

ಅವತ್ತೇ ಪಟ್ಟಿ ಗೋಡೆಯಿಂದ ಇಳಿಯಿತು. ಅವಳು ಮಗ್ಗಕ್ಕೆ ಕೂತಾಗ ನಾನು ಓದಿಗೆ, ಅವಳು ಎದ್ದಾಗ ನಾನೂ ಏಳಬೇಕು. ಎಳೆ ಕಡಿದರೆ ಅವಳು ಅಲ್ಲೇ ನಿಲ್ಲಿಸಿ ಗಂಟು ಹಾಕುತ್ತಿದ್ದಳು. ನಾನೂ ತಪ್ಪಿದ ಪ್ರಶ್ನೆಯನ್ನು ತಿದ್ದಿಕೊಳ್ಳದೆ ಮುಂದಿನದಕ್ಕೆ ಹೋಗುವುದನ್ನು ಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಮಗ್ಗಕ್ಕೆ ಬಟ್ಟೆ ಮುಚ್ಚಿ, ನನ್ನನ್ನು ಗುಡ್ಡದ ಕಡೆ ನಡೆಯಲು ಅಟ್ಟುತ್ತಿದ್ದಳು. ನೀನೂ ಬಾರಕ್ಕ ಎಂದರೆ ಅವಳಿಗೆ ಯಾವಾಗಲೂ ಅಡುಗೆ ಕೆಲಸ.

ಅಮಾವಾಸ್ಯೆಗೆ ಅಲ್ಲಿ ಮಗ್ಗ ಆಡುವುದಿಲ್ಲ. ಪರೀಕ್ಷೆಗೆ ಹತ್ತೇ ದಿನ ಇರುವಾಗ ಅಮಾವಾಸ್ಯೆ ಬರಬೇಕೇ! ಕದ್ದು ಓದಲು ಹೋಗಿ ಸಿಕ್ಕಿಬಿದ್ದೆ.

“ಮಗ್ಗಕ್ಕೇ ರಜಾ ಐತೆ, ನಿನ್ ತಲೆಗೆ ಬ್ಯಾಡ್ವಾ ಅಮ್ಮಾಯಿ? ಬಾ ಇಲ್ಲಿ, ಎಣ್ಣೆ ಹಚ್ತೀನಿ.”

ಅವಳು ನೆತ್ತಿ ತಟ್ಟುತ್ತಿದ್ದರೆ ನನಗೆ ಕೂತಲ್ಲೇ ನಿದ್ದೆ. ವರ್ಷಗಳ ದಣಿವು ಆ ದಿನ ಒಂದಿಷ್ಟು ಇಳಿಯಿತು.

ಪಾಸಾದೆ. ಫಲಿತಾಂಶ ಬಂದ ಮಧ್ಯಾಹ್ನ ಅಳುತ್ತಾ ನಡುಮನೆಗೆ ಓಡಿದೆ. ಲಕ್ಷ್ಮಕ್ಕ ಲಾಳಿ ಪಕ್ಕಕ್ಕಿಟ್ಟು, ನನ್ನ ಕೆನ್ನೆ ಸವರಿದಳು. ಆಮೇಲೆ ಕೇಳಿದಳು:

“ಈಗ ನೀನು ಕಾಯಿಲೆ ನೋಡ್ಬೋದಾ? ಯಾರೂ ಏನೂ ಅನ್ನಲ್ಲ ತಾನೆ?”

ನೋಡಬಹುದು ಎಂದೆ. ಎರಡೂ ಕೈಯಿಂದ ಬಲಗಾಲನ್ನು ಗುಂಡಿಯಿಂದ ಎತ್ತಿ ನನ್ನ ಮುಂದಿಟ್ಟಳು. ಸುತ್ತಿದ್ದ ಹಳೆ ಬಟ್ಟೆ ಬಿಚ್ಚಿದರೆ ಅರಿಸಿನ ಮೆತ್ತಿದ ಹುಣ್ಣು. ಎರಡು ಬೆರಳು ಕಪ್ಪಾಗಿದ್ದವು. ಸಕ್ಕರೆ ಕಾಯಿಲೆಯ ಕಾಲು.

“ಎಷ್ಟು ದಿನ ಆಯ್ತಕ್ಕ?”

“ನೀ ಬಂದ ಮ್ಯಾಲೆ ಶುರುವಾತು. ನೋವೇನಿಲ್ಲ ಬಿಡು. ಹೇಳಿದ್ರೆ ಪುಸ್ತಕ ಬಿಟ್ಟು ನನ್ ಕಾಲು ಹಿಡ್ಕಂಡು ಕೂರ್ತಿದ್ದಿ.”

ಇಂಥ ಕಾಲಿಗೆ ನೋವು ತಿಳಿಯುವುದಿಲ್ಲ ಎಂಬ ಪಾಠವನ್ನು ನಾನು ಆರು ಸಲವಾದರೂ ಓದಿದ್ದೆ, ಅದೇ ಬಾಗಿಲಿನ ಈಚೆ ಕೂತು. ಅವಳನ್ನು ಬಾಯಿಗೆ ಬಂದಂತೆ ಬೈದೆ. ನಿಜವಾಗಿ ಬೈಯಬೇಕಾಗಿದ್ದು ನನ್ನನ್ನು. ದೊಡ್ಡಾಸ್ಪತ್ರೆಯಲ್ಲಿ ಬೆರಳೆರಡೂ ಹೋದವು, ಪಾದ ಉಳಿಯಿತು. ಈಗ ಅವಳು ಮಗ್ಗಕ್ಕೆ ಕೂರುವುದಿಲ್ಲ. ಪಾಸಾದ ಖುಷಿಯನ್ನು ನಾನು ಇವತ್ತಿಗೂ ಪೂರ್ತಿ ಪಟ್ಟಿಲ್ಲ.

ಚಳ್ಳಕೆರೆಯ ಆಸ್ಪತ್ರೆಯಲ್ಲಿ ದಿನವೂ ರೋಗಿಗಳ ಸಾಲು ಮುಗಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿರುತ್ತದೆ. ಆದರೂ ಯಾರೇ ಬರಲಿ, ಮೊದಲು ಚಪ್ಪಲಿ ಬಿಡಿ ಎನ್ನುತ್ತೇನೆ.

“ಜ್ವರ ಅಂತ ಬಂದ್ರೆ ಕಾಲು ನೋಡ್ತೀರಲ್ರೀ ಮೇಡಂ,” ಎಂದು ಇವತ್ತೂ ಒಬ್ಬ ಅಜ್ಜಿ ನಕ್ಕಳು.

ನಗಲಿ ಎಂದುಕೊಂಡು, ಬಗ್ಗಿ, ಅವಳ ಬೆರಳುಗಳ ಸಂದನ್ನು ಒಂದೊಂದಾಗಿ ಬಿಡಿಸಿ ನೋಡಿದೆ.