ಮಾಳಿಗೆಗೆ ಹೊದಿಸಿದ ರಬ್ಬರು

ದಾವಣಗೆರೆಯ ನಮ್ಮ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಹರಿಹರದಿಂದ ಹಳೆಯ ರಬ್ಬರು ಹಾಳೆ ತಂದು, ಬೆಳಕಿಂಡಿಯನ್ನೂ ಬಿಡದೆ ಹೊದಿಸಿದೆ. ಸೋರುವುದು ನಿಂತಿತು. ಆದರೆ ತಿಂಗಳೊಳಗೆ ತೊಲೆಗಳಿಗೆ ಬೂಷ್ಟು ಹಿಡಿಯಿತು. ಅವು ಕೊಳೆತರೆ ಮಾಳಿಗೆಯೇ ಕುಸಿಯುತ್ತಿತ್ತು.

ನೋಡಲು ಬಂದ ಮುದುಕ ಬಡಗಿ ನಕ್ಕುಬಿಟ್ಟ. "ಮನಿಗೆ ರೈನ್‌ಕೋಟ್ ಹಾಕಿ ಉಸಿರು ಕಟ್ಟಿಸೀರಲ್ರಿ, ಮೇಷ್ಟ್ರೇ! ಹಸಿ ಹೋಗಾಕೆ ದಾರಿ ಎಲ್ಲೈತ್ರಿ?"

ಅವನು ಹೇಳಿದಂತೆ ರಬ್ಬರನ್ನು ಮರದ ಪಟ್ಟಿಗಳ ಮೇಲೆ ಗೇಣೆತ್ತರಕ್ಕೆ ಎತ್ತಿ ಕಟ್ಟಿ, ಬೆಳಕಿಂಡಿ ತೆರೆದು ತಗಡಿನ ಮರೆ ಕೊಟ್ಟೆವು. ಹಸಿ ಆರಿತೇ ಎಂದು ತಿಳಿಯಲು ತೊಲೆಯ ಸಂದಿನಲ್ಲಿ ಬೆಂಕಿಪೊಟ್ಟಣ ಇಟ್ಟೆ. ದಿನಾ ಬೆಳಿಗ್ಗೆ ಆರಕ್ಕೆ ಒಂದು ಕಡ್ಡಿ ಗೀರುವುದು ನೇಮವಾಯಿತು.

"ಸ್ನಾನಕ್ಕಿಂತ ಇದೇ ಹೆಚ್ಚಾತು ನಿಮಗೆ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಹನ್ನೊಂದು ದಿನ ಮದ್ದು ಮೆತ್ತಗೆ ಉದುರಿತು. ಹನ್ನೆರಡನೆಯ ದಿನ ಕಡ್ಡಿ ಹೊತ್ತಿಕೊಂಡಿತು. ಅವಳು ಅದರಿಂದಲೇ ಒಲೆ ಹೊತ್ತಿಸಿ ಚಹಾಕ್ಕೆ ನೀರಿಟ್ಟಳು.