ಲಕ್ಷ್ಮಿಗೆ ಸೀರೆ ಉಡಿಸುವಾಗ ಅಕ್ಕ ಆಡುತ್ತಿದ್ದ ಮಾತು

ಶ್ರಾವಣದಲ್ಲಿ ಬಸವನಗುಡಿಯ ಮನೆಗಳಿಗೆ ಬರುವ ಲಕ್ಷ್ಮಿಗೆ ಮೈ ಇರುವುದಿಲ್ಲ. ಅದನ್ನು ನಾವು ಮಾಡಿಕೊಡಬೇಕು. ಒಂದು ಬಿಂದಿಗೆ, ಅದರ ಮೇಲೆ ಕಳಶ, ಕಳಶದ ಮೇಲೆ ತೆಂಗಿನಕಾಯಿ, ಕಾಯಿಗೆ ಕಟ್ಟಿದ ಬೆಳ್ಳಿಯ ಮುಖ, ಅಡ್ಡಕ್ಕೆ ಬಿಗಿದ ಒಂದು ಕೋಲು. ಆ ಕೋಲೇ ತೋಳು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಾನು ಮತ್ತು ನನ್ನಕ್ಕ ಮನೆಯಿಂದ ಮನೆಗೆ ಹೋಗಿ ಇದಕ್ಕೆ ರೇಷ್ಮೆ ಸೀರೆ ಉಡಿಸುತ್ತೇವೆ. ನೆರಿಗೆ ಹಿಡಿದು, ಪಿನ್ ಚುಚ್ಚಿ, ಡಾಬು ಕಟ್ಟಿ, ಮೊಗ್ಗಿನ ಜಡೆ ಇಳಿಬಿಟ್ಟು ಮುಗಿಸುವ ಹೊತ್ತಿಗೆ ಅಲ್ಲಿ ಒಬ್ಬ ಹೆಣ್ಣುಮಗಳು ಕೂತಿರುತ್ತಾಳೆ. ಮನೆಯವರು ಮೊದಲು ಫೋಟೊ ತೆಗೆಯುತ್ತಾರೆ. ಕೈಮುಗಿಯುವುದು ಆಮೇಲೆ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಆದರೆ ಇಷ್ಟು ವರ್ಷ ಬೇರೆಯವರ ದೇವರಕೋಣೆಗಳಲ್ಲಿ ಮಂಡಿಯೂರಿ ಕೂತು ಭಕ್ತಿಯನ್ನು ಹತ್ತಿರದಿಂದ ನೋಡಿದ್ದೇನೆ. ಹೊಸ ನೋಟುಗಳನ್ನು ಬೀಸಣಿಗೆಯಂತೆ ಮಡಿಸಿ ದೇವಿಯ ಬೆನ್ನ ಹಿಂದೆ ನವಿಲುಗರಿ ಮಾಡಿಸುವವರಿದ್ದಾರೆ. ಪಕ್ಕದ ಮನೆಯ ಲಕ್ಷ್ಮಿಗಿಂತ ತಮ್ಮವಳು ಗಿಡ್ಡ ಕಂಡಳೆಂದು ಕೊನೆಯ ಗಳಿಗೆಯಲ್ಲಿ ಕೆಳಗೆ ಸ್ಟೂಲು ಇಡಿಸಿದವರಿದ್ದಾರೆ. ಹಬ್ಬದ ಬೆಳಿಗ್ಗೆ ಸೆರಗು ಜಾರಿತೆಂದು ನನ್ನನ್ನು ಕರೆಸಿಕೊಂಡ ಒಂದು ಮನೆಯಲ್ಲಿ ಮಂತ್ರ ಫೋನಿನಿಂದ ಬರುತ್ತಿತ್ತು. ನಡುವೆ ಜಾಹೀರಾತು ಬಂತು. ಗಂಡ ಹೆಂಡತಿ ಇಬ್ಬರೂ ಕಣ್ಣು ಮುಚ್ಚಿಕೊಂಡು ಗೃಹಸಾಲದ ಮಾತಿಗೂ ಅಕ್ಷತೆ ಹಾಕಿದರು.

ಇವರನ್ನು ನೋಡಿ ನಗುವುದು ನನಗೆ ಸುಲಭ. ಹಾಗೆ ನಗುವ ಯೋಗ್ಯತೆ ನನಗಿಲ್ಲ ಎನ್ನುವುದು ಮಾತ್ರ ಕಷ್ಟದ ಮಾತು.

ಅಕ್ಕ ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಬಿಟ್ಟು, ಒಂದು ಬ್ಯಾಗು ಹಿಡಿದು ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬಂದವಳು. ಯಾರಾದರೂ ಅಯ್ಯೋ ಎಂದರೆ "ಅವನು ಬಿಟ್ಟಿದ್ದಲ್ಲ, ನಾನೇ ಬಿಟ್ಟಿದ್ದು" ಎಂದು ಅಲ್ಲೇ ತಿದ್ದುತ್ತಿದ್ದಳು. ಅವಳಿಗೆ ಹೆಮ್ಮೆ ಎಂದು ಇದ್ದದ್ದು ಅದೊಂದೇ. ಮನೆಯಲ್ಲಿ ಅವಳು ಪೂಜೆಗೆ ಕೂತದ್ದನ್ನು ನಾನು ಕಂಡಿಲ್ಲ. ಶ್ಲೋಕ ಬಾರದು. ದೀಪ ಹಚ್ಚುವುದೂ ನನ್ನ ಪಾಲಿಗೇ. ಆದರೆ ಸೀರೆ ಉಡಿಸಲು ಕೂತರೆ ಸಾಕು, ದೇವಿಯ ಜೊತೆ ಮಾತು ಶುರುವಾಗುತ್ತಿತ್ತು.

"ಹೊಟ್ಟೆ ಒಳಗೆಳ್ಕೋ, ನೆರಿಗೆ ಸಿಗಿಸ್ತೀನಿ. ಹೋದ ವರ್ಷ ಮಂಡಿ ನೋವು ವಾಸಿ ಮಾಡೇ ಅಂದ್ರೆ ಇನ್ನೊಂದು ಮಂಡಿಗೂ ಕೊಟ್ಟೆ. ನಿಂಗೆ ಕಿವಿ ಕೇಳ್ಸತ್ತಾ, ಇಲ್ಲಾ ಬರೀ ಓಲೆ ಹಾಕ್ಕೊಳ್ಳೋಕೆ ಇಟ್ಕೊಂಡಿದೀಯಾ?"

ನಲ್ಲಿಯಲ್ಲಿ ನೀರು ಬಾರದ್ದು, ಓನರಮ್ಮ ಬಟ್ಟೆ ಒಣಗಿಸುವ ಹಗ್ಗ ಕಿತ್ತುಹಾಕಿದ್ದು, ಎಲ್ಲವೂ ದೇವಿಗೆ ವರದಿಯಾಗುತ್ತಿತ್ತು. ನನ್ನ ಎದುರಿಗೇ ನನ್ನ ದೂರೂ ಹೋಗುತ್ತಿತ್ತು. "ಇಲ್ಲಿ ಕೂತಿದಾಳಲ್ಲ ನನ್ನ ತಂಗಿ, ಇವಳಿಗೆ ಮೂಗಿನ ತುದೀಲೇ ಕೋಪ. ಸ್ವಲ್ಪ ಕೆಳಗಿಳಿಸು, ನನ್ನ ಕೈಲಾಗಲ್ಲ." ಆಮೇಲೆ ಪಿನ್ನು ತುಟಿಯಲ್ಲಿಟ್ಟುಕೊಂಡು, ಉತ್ತರ ಕೇಳಿಸಿಕೊಳ್ಳುವವಳಂತೆ ಒಂದು ಕ್ಷಣ ಸುಮ್ಮನಿದ್ದು ನಗುತ್ತಿದ್ದಳು.

"ಏನಂತೆ?" ಎಂದು ನಾನು ಕೇಳಿದರೆ, "ನಿನ್ನ ವಿಷಯ ಅವಳ ಕೈಲೂ ಆಗಲ್ವಂತೆ" ಎನ್ನುತ್ತಿದ್ದಳು.

ನನಗೆ ಇದರಿಂದ ನಾಚಿಕೆಯಾಗುತ್ತಿತ್ತು. ಗಿರಾಕಿಗಳು ಕೇಳಲಿ ಎಂದು ನಾನು ಒಂದೆರಡು ಸಂಸ್ಕೃತ ಸಾಲು ಬಾಯಿಪಾಠ ಮಾಡಿಕೊಂಡಿದ್ದೆ. ಅರ್ಥ ಇಂದಿಗೂ ಗೊತ್ತಿಲ್ಲ. ಯಾರಾದರೂ ಹತ್ತಿರ ಬಂದರೆ ಅದನ್ನು ಗುನುಗುತ್ತಿದ್ದೆ, ದೂರ ಹೋದರೆ ನಿಲ್ಲಿಸುತ್ತಿದ್ದೆ. ದೇವಿಗೂ ನನಗೂ ಇದ್ದ ಸಂಬಂಧ ಇಷ್ಟೇ.

ಶಂಕರಪುರಂನಲ್ಲಿ ಒಂದು ದೊಡ್ಡ ಮನೆ. ಬ್ಯಾಂಕಿನಲ್ಲಿ ಆಫೀಸರಾಗಿದ್ದು ನಿವೃತ್ತರಾದ ಮೇಡಂ ಒಬ್ಬರದು. ಅವರು ಹೆಂಗಸರನ್ನೆಲ್ಲ ಸೇರಿಸಿ ಸಹಸ್ರನಾಮದ ಗುಂಪು ಕಟ್ಟಿದ್ದರು. ಅವರ ಮಾತಿನ ಮೇಲೆಯೇ ನಮಗೆ ಬಸವನಗುಡಿಯ ಮುಕ್ಕಾಲು ಮನೆಗಳು ಸಿಕ್ಕಿದ್ದು. ಒಂದು ವರ್ಷ ನಾವು ಅಲ್ಲಿ ದೇವಿಗೆ ಸೀರೆ ಉಡಿಸುತ್ತಿದ್ದಾಗ ಹಾಲಿನಲ್ಲೇ ಗುಂಪಿನ ಅಭ್ಯಾಸ ನಡೆದಿತ್ತು. ಎಲ್ಲರಿಗೂ ಒಂದೇ ಬಣ್ಣದ ಸೀರೆ. ಹೆಸರುಗಳನ್ನು ಓಡಿಸುತ್ತಿದ್ದ ಕೆಲವರ ಕಣ್ಣು ನಮ್ಮ ನೆರಿಗೆಯ ಮೇಲೆ, ಇನ್ನು ಕೆಲವರದು ಪಕ್ಕದವರ ಬಳೆಯ ಮೇಲೆ.

ಬಿಂದಿಗೆ ಸ್ವಲ್ಪ ವಾಲಿತು. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದಳು. "ಏನೇ ವೈಯಾರಿ, ನೆಟ್ಟಗೆ ನಿಂತ್ಕೋ. ದೊಡ್ಡೋರ ಮನೆ ಅಂದ ತಕ್ಷಣ ಒರಗೋದಾ?"

ಅದೇ ಗಳಿಗೆಗೆ ಹಾಲಿನಲ್ಲಿ ಕೂತವರು ಉಸಿರು ತೆಗೆದುಕೊಳ್ಳಲು ನಿಂತಿದ್ದರು. ಮಾತು ಎಲ್ಲರಿಗೂ ಕೇಳಿಸಿತು.

"ಯಾರನ್ನ ಹಾಗೆ ಮಾತಾಡ್ಸ್ತಿದೀರಿ?" ಮೇಡಂ ಎದ್ದು ಬಂದರು.

"ಇವಳನ್ನೇ ಮೇಡಂ" ಎಂದಳು ಅಕ್ಕ, ತೀರಾ ಸಹಜವಾಗಿ.

"ದೇವರನ್ನ ಹೀಗಾ ಮಾತಾಡ್ಸೋದು? ಇದೇನು ಸಂತೆನಾ? ನಮ್ಮನೇಲಿ ಇದೆಲ್ಲ ಆಗಲ್ಲ." ಅವರು ನೋಡಿದ್ದು ಅಕ್ಕನನ್ನಲ್ಲ, ನನ್ನನ್ನು.

ನಾನು ನಕ್ಕೆ. ಬೆರಳನ್ನು ಹಣೆಯ ಪಕ್ಕ ತಂದು ತಿರುಗಿಸಿದೆ. "ತಪ್ಪು ತಿಳ್ಕೋಬೇಡಿ ಮೇಡಂ. ಅವಳಿಗೆ ಒಂಚೂರು ತಲೆ ಅಷ್ಟಕ್ಕಷ್ಟೇ. ಗಂಡ ಬಿಟ್ಮೇಲೆ ಹೀಗಾಗಿದೆ."

"ಅಯ್ಯೋ ಪಾಪ" ಎಂದಿತು ಇಡೀ ಹಾಲು, ಸಹಸ್ರನಾಮಕ್ಕಿಂತ ಚೆನ್ನಾಗಿ ಶ್ರುತಿ ಸೇರಿಸಿ. ಮೇಡಂ ಮುಖ ಮೆತ್ತಗಾಯಿತು. ಹೊರಡುವಾಗ ಅಕ್ಕನ ಕೈಗೆ ಒಂದು ಬ್ಲೌಸ್‌ಪೀಸು ಹೆಚ್ಚಿಗೆ ಬಂತು. ಯಾರೋ ಕೊಟ್ಟು, ಇನ್ಯಾರೋ ದಾಟಿಸಿ, ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿದ್ದ ಬ್ಲೌಸ್‌ಪೀಸು.

ಹೊಟ್ಟೆಪಾಡಿಗಾಗಿ ಹಾಗೆ ಅಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. "ಇನ್ನು ಮಾತಾಡಲ್ಲ ಮೇಡಂ" ಎಂದಿದ್ದರೂ ಕೆಲಸ ಉಳಿಯುತ್ತಿತ್ತು. ಹಾಲಿನಲ್ಲಿದ್ದವರಿಗೆ ನಾನು ಅಕ್ಕನ ಥರದವಳಲ್ಲ, ಅವರ ಕಡೆಯವಳು ಎಂದು ಕಾಣಬೇಕಿತ್ತು. ಯಾರನ್ನು ನೋಡಿ ಒಳಗೊಳಗೇ ನಗುತ್ತಿದ್ದೆನೋ ಅವರ ಪಕ್ಕ ಒಂದು ಜಾಗಕ್ಕಾಗಿ ಅಕ್ಕನನ್ನು ಹುಚ್ಚಿ ಮಾಡಿದೆ. ಸಾಲದೆಂದು, ಅವಳೇ ಬಿಟ್ಟು ಬಂದ ಗಂಡನಿಗೆ ಅವಳನ್ನು ಬಿಟ್ಟ ಗೌರವವನ್ನೂ ಕೊಟ್ಟೆ.

ಬೀದಿಗೆ ಬಂದ ಮೇಲೆ ಹೇಳಿದೆ, "ಬಾಯಿಗೆ ಬಂದಿದ್ದು ಅಂದ್ಬಿಟ್ಟೆ ಕಣೆ. ಏನು ಹೇಳ್ಬೇಕೋ ತೋಚಲಿಲ್ಲ."

"ಪಿನ್ನು ಎಷ್ಟಿದೆ ನೋಡು. ಗವಿಪುರಂ ಮನೆಗೆ ಸಾಲಲ್ಲ ಅನ್ಸತ್ತೆ" ಎಂದಳು ಅಕ್ಕ.

ಗವಿಪುರಂನ ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಅದರ ಮುಂದಿನ ಮನೆಯಲ್ಲೂ ಇಲ್ಲ. ನವರಾತ್ರಿ ಬಂತು, ಹೋಯಿತು. ನನ್ನ ಜೊತೆ ಮಾತು ಮೊದಲಿನಂತೆಯೇ ಇತ್ತು: ಸಾರಿಗೆ ಉಪ್ಪು ಸಾಲದು, ಗ್ಯಾಸ್ ಬುಕ್ ಮಾಡು, ಈ ಸಲ ಅವರೆಕಾಯಿ ಚೆನ್ನಾಗಿಲ್ಲ. ದೇವಿಯ ಜೊತೆಗಿನ ಮಾತು ಮಾತ್ರ ನಿಂತಿತು. ನೆರಿಗೆ ಹಿಡಿಯುತ್ತಾಳೆ, ಚುಚ್ಚುತ್ತಾಳೆ, ಏಳುತ್ತಾಳೆ. ಬೆಳ್ಳಿಯ ಮುಖದ ಕಡೆ ನೋಡುವುದೂ ಇಲ್ಲ, ಅಂಗಡಿಯಲ್ಲಿ ಗೊಂಬೆಗೆ ಬಟ್ಟೆ ಹಾಕುವವರ ಹಾಗೆ. "ನಿಮ್ಮಕ್ಕ ಈಗ ಎಷ್ಟು ಶಾಂತ ಆಗಿದಾರೆ" ಎಂದು ಗಿರಾಕಿಗಳು ಮೆಚ್ಚಿಕೊಂಡರು.

ಮೌನ ತಡೆಯಲಾರದೆ ಒಂದು ಮನೆಯಲ್ಲಿ ನಾನೇ ಪ್ರಯತ್ನಿಸಿದೆ. "ತಾಯೀ, ಚೆನ್ನಾಗಿದೀಯಾ? ಹಸಿರು ಸೀರೆ ನಿಂಗೆ ಒಪ್ಪತ್ತೆ" ಎಂದೆ. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಗಿರಾಕಿ ಕರೆದಂತಿತ್ತು. ಅಕ್ಕ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಜಡೆಯ ಕಡೆ ತಿರುಗಿದಳು.

ಮಾರನೆಯ ವರ್ಷದ ಶ್ರಾವಣಕ್ಕೆ ಶಂಕರಪುರಂನ ಮನೆಯಲ್ಲಿ ಹೊಸ ಗಾಳಿ ಬೀಸಿತ್ತು. ಹಾಲಿನಲ್ಲಿ ಸಹಸ್ರನಾಮ ಇರಲಿಲ್ಲ. ಕಾಲರ್ ಮೈಕು ಸಿಗಿಸಿಕೊಂಡ ಒಬ್ಬಾಕೆ ಉಪನ್ಯಾಸ ಕೊಡುತ್ತಿದ್ದರು. "ಅಮ್ಮನ ಜೊತೆ ನಿಮ್ಮ ಭಾಷೇಲೇ ಮಾತಾಡಿ. ಅಡುಗೆಮನೇಲಿ ಅಕ್ಕತಂಗಿ ಮಾತಾಡೋ ಹಾಗೆ. ಬೈಯಿರಿ, ಜಗಳ ಆಡಿ, ಪರವಾಗಿಲ್ಲ. ಈಗ ಒಬ್ಬೊಬ್ಬರಾಗಿ ಪ್ರಾಕ್ಟೀಸ್ ಮಾಡೋಣ."

ಒಬ್ಬೊಬ್ಬರಾಗಿ ಮಾಡಿದರು. ಎಲ್ಲರ ದನಿಯೂ ತೆಳ್ಳಗಾಯಿತು. "ಅಮ್ಮಾ, ಇವತ್ತು ನನ್ನ ಮನಸ್ಸಿಗೆ ತುಂಬಾ ಸ್ಟ್ರೆಸ್ ಇತ್ತಮ್ಮಾ" ಎಂದರು ಒಬ್ಬರು, ಮೈಕಿನಾಕೆಯ ಮುಖ ನೋಡಿಕೊಂಡು. "ಬೈಯೋಕೆ ಬರ್ತಾ ಇಲ್ಲ, ಏನಂತ ಬೈಯ್ಲಿ?" ಎಂದು ಇನ್ನೊಬ್ಬರು ಕೇಳಿದರು. "ನಿನ್ ಮೇಲೆ ನಂಗೆ ಕೋಪ ಅನ್ನಿ" ಎಂದು ಹೇಳಿಕೊಡಲಾಯಿತು. ಅವರು ಹಾಗೇ ಅಂದು, ತಕ್ಷಣ ಕೆನ್ನೆಕೆನ್ನೆ ಬಡಿದುಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಇದೆಲ್ಲ ನಡೆಯುವಾಗ ಅಕ್ಕ ಅವರಿಗೆ ಬೆನ್ನು ಮಾಡಿ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಸೆರಗಿನ ಮಡಿಕೆ ತೀಡುತ್ತಿದ್ದಳು. ಮೇಡಂಗೆ ನೆನಪಾಯಿತು. "ಅರೇ, ನಮ್ಮ ಸೀರೆ ಉಡಿಸೋರು ಹೀಗೇ ಮಾತಾಡ್ತಿದ್ರಲ್ಲ! ಎಷ್ಟು ಮುಗ್ಧವಾಗಿ! ಏನಮ್ಮಾ, ಈಗೊಂದ್ಸಲ ಮಾತಾಡಿ, ಎಲ್ರೂ ಕೇಳ್ಲಿ."

ಅಕ್ಕ ಪಿನ್ನನ್ನು ಬಾಯಿಂದ ತೆಗೆದಳು. "ಇಲ್ಲ ಮೇಡಂ. ಈಗ ನಂಗೆ ವಾಸಿಯಾಗಿದೆ."

"ದೇವಿ ಕೃಪೆ!" ಎಂದರು ಮೈಕಿನಾಕೆ. ಹಾಲಿನ ತುಂಬ ಸಮಾಧಾನದ ಉಸಿರು.

ಆಗ ನಾನು ಬಾಯಿ ಬಿಡಬಹುದಿತ್ತು. ಹೋದ ವರ್ಷ ನಾನು ಹೇಳಿದ್ದು ಸುಳ್ಳು, ಇವಳಿಗೆ ಯಾವ ಕಾಯಿಲೆಯೂ ಇರಲಿಲ್ಲ ಎನ್ನುವುದಕ್ಕೆ ಉಪನ್ಯಾಸ ಬೇಕಿರಲಿಲ್ಲ. ನನ್ನ ಕೈಯಲ್ಲಿ ಡಾಬಿನ ಕೊಂಡಿ ಇತ್ತು. ಅದು ಕೂರುತ್ತಿಲ್ಲ ಎಂಬಂತೆ ಬಗ್ಗಿ ತಡಕಾಡಿದೆ. ಅದು ಆಗಲೇ ಕೂತಾಗಿತ್ತು.

ಶನಿವಾರ ಬೆಳಿಗ್ಗೆ ಸೀರೆ ಬಿಚ್ಚಿ ನಮ್ಮ ಕೋಲು, ಜಡೆ, ಡಾಬು ತರಲು ಹೋದೆವು. ಮೇಡಂ ಪುನಃಪೂಜೆ ಮುಗಿಸಿ ಕಳಶ ಕದಲಿಸಿ ಅಡುಗೆಮನೆಗೆ ಹೋಗಿದ್ದರು. ಹಾಲಿನಲ್ಲಿ ಬಾಡಿದ ಮಲ್ಲಿಗೆಯ ವಾಸನೆ. ನಾನು, ಅಕ್ಕ, ಅರ್ಧ ಬಿಚ್ಚಿದ ಲಕ್ಷ್ಮಿ. ನನಗೆ ತಡೆಯಲಾಗಲಿಲ್ಲ. ಬೆಳ್ಳಿಯ ಮುಖದ ಹತ್ತಿರ ಬಗ್ಗಿ ಹೇಳಿದೆ.

"ನಾನು ಸುಳ್ಳು ಹೇಳ್ದೆ ಕಣಮ್ಮ. ಇವಳಿಗೆ ಹುಚ್ಚಿರ್ಲಿಲ್ಲ. ಗಂಡ ಬಿಟ್ಟಿದ್ದೂ ಅಲ್ಲ, ಇವಳೇ ಬಿಟ್ಟು ಬಂದಿದ್ದು. ಅವತ್ತು ಅವರ ಮುಂದೆ ನಾನು ದೊಡ್ಡೋಳಾಗ್ಬೇಕಿತ್ತು."

ಹುಟ್ಟಿದ ಮೇಲೆ ದೇವಿಯ ಹತ್ತಿರ ನಾನು ಆಡಿದ ಮೊದಲ ನಿಜವಾದ ಮಾತು ಅದು. ಅದನ್ನೂ ಮೆಲ್ಲಗೆ ಆಡಿದ್ದೆ, ಅಡುಗೆಮನೆಗೆ ಕೇಳಿಸದಷ್ಟು.

ಅಕ್ಕ ನೆರಿಗೆಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅವಳಿಗ್ಯಾಕೆ ಹೇಳ್ತೀಯ? ಅವಳಿಗೆ ಗೊತ್ತಿರೋದೇ. ಅಡುಗೆಮನೇಲಿ ಇದಾರಲ್ಲ, ಅಲ್ಲಿ ಹೋಗಿ ಹೇಳು."

ಒಳಗೆ ಮಿಕ್ಸಿ ತಿರುಗುತ್ತಿತ್ತು. ಅದು ನಿಲ್ಲಲಿ ಎಂದುಕೊಂಡೆ. ನಿಂತಿತು. ಪಾತ್ರೆ ಇಟ್ಟ ಸದ್ದು, ಮೇಡಂ ಯಾರಿಗೋ ಫೋನಿನಲ್ಲಿ ನಗುತ್ತಾ ಏನೋ ಹೇಳುತ್ತಿರುವ ಸದ್ದು. ನಾನು ಸೀರೆಯ ಒಂದು ಅಂಚು ಹಿಡಿದೆ, ಅಕ್ಕ ಇನ್ನೊಂದು ಅಂಚು ಹಿಡಿದಳು. ಮಡಿಸಿದೆವು. ಬಾಗಿಲ ತನಕ ಬಂದು ಮೇಡಂ ತಾಂಬೂಲ ಕೊಟ್ಟು, ಮುಂದಿನ ವರ್ಷವೂ ನೀವೇ ಬನ್ನಿ ಎಂದರು. ಬರ್ತೀವಿ ಮೇಡಂ ಎಂದೆ. ಅಕ್ಕ ಆಗಲೇ ಕೋಲು, ಚೀಲ ಹಿಡಿದು ಗೇಟಿನ ಹೊರಗೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಹೊರಗೆ ಬಂದದ್ದನ್ನು ನೋಡಿ, ಬಸ್ ಸ್ಟಾಪಿನ ಕಡೆ ನಡೆದಳು.