ನನಗಾಗದ ಆಪರೇಷನ್

ಮದುವೆಯಾಗಿ ಏಳು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನನ್ನ ಗಂಡ ಗೊರೂರಿನ ನೀರಾವರಿ ಇಲಾಖೆಯಲ್ಲಿ ಗುಮಾಸ್ತರು, ನಾನು ಪ್ರೈಮರಿ ಶಾಲೆಯ ಟೀಚರ್. ಹಾಸನದಲ್ಲಿ ನನಗೆ ಮಾಡದ ಪರೀಕ್ಷೆಯೇ ಉಳಿದಿರಲಿಲ್ಲ. ಕೊನೆಗೊಬ್ಬ ಡಾಕ್ಟರು, ಯಜಮಾನರದನ್ನೂ ಒಮ್ಮೆ ನೋಡೋಣ ಎಂದರು. ರಿಪೋರ್ಟಿನಲ್ಲಿ ವೀರ್ಯಾಣುಗಳ ಮುಂದೆ ಸೊನ್ನೆಯಿತ್ತು. ನನ್ನ ಗಂಡ ಆ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು.

ಬೆಂಗಳೂರಿನಲ್ಲಿ ವೃಷಣಕ್ಕೆ ಸಣ್ಣ ಆಪರೇಷನ್ ಮಾಡಿ, ಒಳಗೆಲ್ಲಾದರೂ ವೀರ್ಯಾಣು ಇದ್ದರೆ ಹುಡುಕಿ ತೆಗೆದು ಹೆಪ್ಪುಗಟ್ಟಿಸಿ ಇಡುತ್ತಾರೆಂದು ಗೊತ್ತಾಯಿತು. ಆಮೇಲೆ ಅದನ್ನು ನನ್ನ ಅಂಡಾಣುವಿಗೆ ಸೇರಿಸುವುದು. ಗಂಡ ಒಪ್ಪಿದರು, ಆದರೆ ಊರಿನವರಿಗೆ ಮಾತ್ರ ಆಪರೇಷನ್ ಆದದ್ದು ನನಗೆ ಎಂದು ಹೇಳಬೇಕು.

'ನಿಂಗಾದ್ರೆ ಯಾರೂ ಏನೂ ಅನ್ನಲ್ಲ ಕಣೇ.'

ಅದು ನಿಜವೇ. ಏಳು ವರ್ಷದಿಂದ ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಹೂಂ ಅಂದೆ.

ಆಪರೇಷನ್ ಮುಗಿಸಿ ಕಾರಿನಲ್ಲಿ ಕ್ವಾರ್ಟರ್ಸ್‌ಗೆ ಬಂದಿಳಿದಾಗ, ಹಳ್ಳಿಮೈಸೂರಿನಿಂದ ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ತೋಳು ಹಿಡಿದು ಕರೆದೊಯ್ದು ಮಲಗಿಸಿ, ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಿದರು. ಮೈಮೇಲೆ ಒಂದು ಗೀರೂ ಇಲ್ಲದ ನಾನು ನಾಟಿಕೋಳಿ ಸಾರು ಕುಡಿಯುತ್ತ ಮಲಗಿದೆ. ಹೊಲಿಗೆ ಹಾಕಿಸಿಕೊಂಡ ಗಂಡ, ನನ್ನನ್ನು ನೋಡಲು ಬಂದವರಿಗೆ ಕಾಫಿ ಹಂಚುತ್ತ ಓಡಾಡಿದರು.

'ಏನ್ಲಾ, ಅಂಗ್ಯಾಕೆ ಕಾಲಗಲಿಸ್ಕಂಡು ನಡೀತೀಯ?' ಅತ್ತೆ ಕೇಳಿದರು.

'ಕಾರಲ್ಲಿ ಕೂತು ಕೂತು ಕಾಲು ಹಿಡ್ಕಂಡದೆ ಕಣವ್ವ.'

'ಎಂಡ್ತಿ ಒಟ್ಟೆ ಕುಯ್ಸ್ಕಂಡು ಮಲಗವ್ಳೆ, ನಿಂದೇನ್ಲಾ ದೊಡ್ ನೋವು? ಓಗು, ಎರಡು ಬಿಂದಿಗೆ ನೀರು ತತ್ತಾ.'

ತಂದರು. ಬಿಂದಿಗೆ ಇಳಿಸಿದಾಗ ಅವರ ಮುಖ ಬಿಳುಚಿಕೊಂಡಿತ್ತು. ಹೊದಿಕೆಯೊಳಗೆ ನನಗೆ ನಗುವೂ ಬಂತು, ಸಂಕಟವೂ ಆಯಿತು.

ಮೂರನೆಯ ದಿನ ಅತ್ತೆ ನನಗೆ ಲೇಹ್ಯ ತಿನ್ನಿಸಬೇಕೆಂದರು. 'ಸ್ಕೂಟರ್ ತಗಂಡು ಅರಕಲಗೂಡಿಗೆ ಓಗ್ಬುಟ್ಟು ಬಾ. ಬಸ್ಸಿಗೆ ಕಾಯ್ಬ್ಯಾಡ.'

ಗಂಡ ಕೀ ತೆಗೆದುಕೊಂಡು ಹೊರಗೆ ಹೋದರು. ಸ್ಕೂಟರಿಗೆ ಒಂದು ಕಿಕ್ ಹೊಡೆದದ್ದು ಕೇಳಿಸಿತು. ಆಮೇಲೆ 'ಅವ್ವಾ' ಎಂಬ ದನಿ. ನಾನು ಹಾಸಿಗೆಯಿಂದ ನೆಗೆದು ಅಂಗಳಕ್ಕೆ ಓಡಿದೆ.

'ಒಲಿಗೆ ಕಿತ್ತೋದಾವು ಕಣಮ್ಮಿ!' ಅತ್ತೆ ಹಿಂದಿನಿಂದ ಕೂಗಿದರು.

'ಹೊಲಿಗೆ ಹಾಕಿರೋದು ನನಗಲ್ಲ ಅತ್ತೆ, ಇವರಿಗೆ!'

ಒಳಗೆ ಬಂದು ಎಲ್ಲ ಹೇಳಿದೆ. ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತರು. ಅತ್ತೆ ಅಳುತ್ತಾರೇನೋ ಅಂದುಕೊಂಡೆ.

'ಸಿಕ್ತಾ?' ಎಂದರು ಅತ್ತೆ.

'ಒಂದಷ್ಟು ಸಿಕ್ಕಿವೆಯಂತೆ.'

'ಐಸಲ್ಲಿ ಮಡಗವ್ರಾ?'

'ಹೂಂ.'

'ಕರೆಂಟ್ ಓದ್ರೆ?'

ಅದನ್ನು ನಾವು ಯೋಚಿಸಿಯೇ ಇರಲಿಲ್ಲ. ಗಂಡ ಹೇಗೋ ನಡೆದುಕೊಂಡು ಎಸ್‌ಟಿಡಿ ಬೂತಿಗೆ ಹೋಗಿ ಆಸ್ಪತ್ರೆಗೆ ಫೋನ್ ಮಾಡಿದರು. ಹಿಂದೆ ಜನ ನಿಂತಿದ್ದರಿಂದ, 'ನಮ್ದು ನಿಮ್ಮಲ್ಲಿ ಇಟ್ಟಿದೀವಲ್ಲ, ಕರೆಂಟ್ ಹೋದ್ರೆ ಕೆಡಲ್ವಾ?' ಎಂದಷ್ಟೇ ಕೇಳಿದರು. ದ್ರವ ನೈಟ್ರೋಜನ್‌ನಲ್ಲಿ ಕರೆಂಟಿಲ್ಲದೆಯೇ ಇಡುತ್ತೇವೆ, ಭಯ ಬೇಡ ಎಂದು ಉತ್ತರ ಬಂತು. ರಿಸೀವರ್ ಇಟ್ಟಾಗ ಬೂತಿನವನು ಮೆಲ್ಲಗೆ ಕೇಳಿದನಂತೆ: 'ಇಟ್ಟಿರೋದು ಮೀನಾ ಸಾ?'

ಅಂದಿನಿಂದ ಹಾಸಿಗೆಯೂ ಕೋಳಿಸಾರೂ ಗಂಡನದಾದವು. ಹೊರಗೆ ಚಪ್ಪಲಿ ಸದ್ದಾದರೆ ಸಾಕು, ಅತ್ತೆ ಮಗನನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿ, ನನ್ನನ್ನು ಹಾಸಿಗೆಗೆ ದಬ್ಬುತ್ತಿದ್ದರು. ಬಂದವರು ಹೋಗುವವರೆಗೆ ನಾನು ನರಳಬೇಕು. ನನ್ನ ನರಳಾಟ ಸಾಲದೆಂದು ಆಮೇಲೆ ಬೈಗುಳವೂ ಸಿಗುತ್ತಿತ್ತು.

ಮೊದಲ ಪ್ರಯತ್ನ ಕೈಕೊಟ್ಟಿತು. ಎರಡನೆಯದರಲ್ಲಿ ಮಗಳು ಹುಟ್ಟಿದಳು.

ನನ್ನ ಆಪರೇಷನ್ ಫಲಿಸಿತೆಂದು ಸುದ್ದಿ ಹಬ್ಬಿ, ಚನ್ನರಾಯಪಟ್ಟಣದಿಂದ ಒಬ್ಬಾಕೆ ಡಾಕ್ಟರ ವಿಳಾಸ ಕೇಳಿಕೊಂಡು ಬಂದರು. ಬರೆದುಕೊಟ್ಟು, 'ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ' ಎಂದೆ.

ಆಕೆ ನನ್ನ ಮುಖ ನೋಡಿದರು. 'ಅವ್ರ್ಯಾಕೆ? ಅವ್ರು ಚೆನ್ನಾಗೇ ಅವ್ರಲ್ಲಾ.'